ಕಾಳು ಕ್ಯಾಮೆರಾದ ಬಾಗಿಲನ್ನು ಬೆಳಕಿನಲ್ಲಿ ತೆರೆಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಜಪಾನಿನ ಹಳೆಯ, ಕಾಳಿನಂಥ ಪುಟ್ಟ ಆಟಿಕೆ ಕ್ಯಾಮೆರಾಗಳ ಬಗ್ಗೆ ಒಂದು ಪುಟ ಬಂದಿತ್ತು. ಚಿತ್ರಗಳು ಚೆನ್ನಾಗಿದ್ದವು. ಎರಡು ಸಲ ಓದಿದೆ. ಆದರೆ ಕೊನೆಯಲ್ಲಿ ಕೊಟ್ಟ ಸಲಹೆ ನೋಡಿ ತುಂಬಾ ಕಸಿವಿಸಿಯಾಯಿತು. ಇವು ಫೋಟೊ ತೆಗೆಯುವುದಕ್ಕೆ ಬರುವುದಿಲ್ಲ, ಹಿಂಬದಿ ತೆರೆದು ಒಳಗೆ ಉಳಿದಿರುವ ಹಳೇ ಕಾಗದ ಕಿತ್ತು ಬಿಸಾಕಿ, ಒರೆಸಿ, ಕೀ ಗೊಂಚಲಿಗೆ ಸಿಕ್ಕಿಸಿಕೊಳ್ಳಿ ಅಂತ ಅದರಲ್ಲಿತ್ತು. ದಯವಿಟ್ಟು ಹಾಗೆ ಹೇಳಬೇಡಿ. ಆ ಹಳೇ ಕಾಗದದ ಜೊತೆ ಸುತ್ತಿಕೊಂಡಿರುವುದೇ ಫಿಲ್ಮ್. ಅದರಲ್ಲಿ ಯಾರದೋ ಮನೆಯವರ ಮುಖ ಇರಬಹುದು.

ಇದನ್ನು ಊಹೆಯ ಮೇಲೆ ಹೇಳುತ್ತಿಲ್ಲ. ನನ್ನ ಕಣ್ಣೆದುರೇ ಹಾಗೆ ಆಗಿದೆ.

ನಾನು ಎಕ್ಸ್-ರೇ ತಂತ್ರಜ್ಞೆಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಎಕ್ಸ್-ರೇ ಕಂಪ್ಯೂಟರಿಗೆ ಬರುವ ಮುಂಚೆ ನಮಗೆ ಡಾರ್ಕ್‌ರೂಮೇ ಮನೆ. ಕೆಂಪು ದೀಪದಡಿ, ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ತೊಟ್ಟಿಯಲ್ಲಿ ಫಿಲ್ಮ್ ಅದ್ದಿ, ಮೂಳೆ ಮೂಡಿ ಬರುವುದನ್ನು ಕಾಯುತ್ತ ಎಷ್ಟೋ ವರ್ಷ ಕಳೆದಿದ್ದೇನೆ. ಈಗ ಕ್ಯೋಟೋದಲ್ಲಿ ಮಗನ ಮನೆಯಲ್ಲಿದ್ದೇನೆ. ಎಂಟು ವರ್ಷದ ಮೊಮ್ಮಗಳೇ ಇಲ್ಲಿ ನನಗೆ ಮಾತಿನ ಆಸರೆ. ನನಗೆ ಬರುವ ಜಪಾನಿ ಭಾಷೆ ಅಷ್ಟಕ್ಕಷ್ಟೆ, ಅವಳಿಗೆ ನೀರು ಕುಡಿದಷ್ಟು ಸಲೀಸು.

ಇಲ್ಲಿನ ತೋಜಿ ದೇವಾಲಯದಲ್ಲಿ ಪ್ರತಿ ತಿಂಗಳ 21ಕ್ಕೆ ಸಂತೆ ಸೇರುತ್ತದೆ. ದೇವಾಲಯಕ್ಕೆ ಸಂಬಂಧಪಟ್ಟ ಬೌದ್ಧ ಗುರು ಕೂಕಾಯ್ ಕ್ರಿ.ಶ. 835ರ ಮೂರನೇ ತಿಂಗಳ 21ರಂದು ತೀರಿಕೊಂಡರು, ಅವರ ನೆನಪಿಗೆ ಆ ದಿನ. ಜನ ಅವರನ್ನೂ ಈ ಸಂತೆಯನ್ನೂ ಪ್ರೀತಿಯಿಂದ ಕೋಬೋ-ಸಾನ್ ಅನ್ನುತ್ತಾರೆ. ಹಳೇ ಕಿಮೋನೊ, ಪಿಂಗಾಣಿ, ಗಡಿಯಾರ, ಗಿಡ, ಉಪ್ಪಿನಕಾಯಿ, ಎಲ್ಲವೂ ಒಟ್ಟೊಟ್ಟಿಗೆ. ಅಂಥ ಒಂದು ಸಂತೆಯಲ್ಲಿ, ಐದಂತಸ್ತಿನ ಮರದ ಗೋಪುರದ ಕಡೆ ಹೋಗುವ ದಾರಿಯಲ್ಲಿ, ಒಬ್ಬ ವಯಸ್ಸಾದ ವ್ಯಾಪಾರಿಯ ಮುಂದೆ ತಗಡಿನ ಡಬ್ಬಿ ತುಂಬ ಗುಂಡಿ, ಬೀಗದ ಕೈ, ಪೆನ್ನಿನ ಮುಚ್ಚಳ ಬಿದ್ದಿದ್ದವು. ಅದರ ಮಧ್ಯೆ ಬೆಂಕಿಪೆಟ್ಟಿಗೆ ಗಾತ್ರದ ಒಂದು ಚರ್ಮದ ಚೀಲ. ಗುಂಡಿ ಬಿಚ್ಚಿದರೆ ಒಳಗೆ 'ಹಿಟ್' ಅನ್ನುವ ಹೆಸರಿನ ಪುಟ್ಟ ಕ್ಯಾಮೆರಾ. ಮುಂಭಾಗಕ್ಕೆ ಹೊಳೆಯುವ ಲೋಹ, ಸುತ್ತ ಕಪ್ಪು ರೆಕ್ಸಿನ್, ನೆತ್ತಿಯ ಮೇಲೆ ಕಣ್ಣಿಟ್ಟು ನೋಡುವ ಪುಟ್ಟ ಕಿಂಡಿ. ಕೈಯಲ್ಲಿ ಹಿಡಿದರೆ ತಣ್ಣಗೆ, ಗಾತ್ರಕ್ಕೆ ಮೀರಿದ ಭಾರ. ಬೆಲೆ 1,500 ಯೆನ್ ಅಂದರು.

ನಾನು ಫಿಲ್ಮ್ ಸುತ್ತುವ ತಿರುಪನ್ನು ಬೆರಳಲ್ಲಿ ಸ್ವಲ್ಪ ತಿರುಗಿಸಿ ನೋಡಿದೆ. ಬಿಗಿ ಇತ್ತು. ಏನೋ ಎಳೆದಂತಾಯಿತು. ಒಳಗೆ ಫಿಲ್ಮ್ ಇದೆ ಅಂತ ನನಗೆ ಹೊಳೆಯಿತು. ಮೊಮ್ಮಗಳಿಗೆ ಹೇಳಿ, ಅವಳು ಅದನ್ನು ಜಪಾನಿಯಲ್ಲಿ ಅವರಿಗೆ ಹೇಳುವುದರೊಳಗೆ, ಆ ಮನುಷ್ಯ ಕ್ಯಾಮೆರಾ ತೆಗೆದುಕೊಂಡು ಹಿಂಬದಿಯ ಬಾಗಿಲು ತೆರೆದೇ ಬಿಟ್ಟರು. ಒಳಗೆ ಚೊಕ್ಕಟವಾಗಿದೆ ನೋಡಿ ಅಂತ ತೋರಿಸುವುದಕ್ಕೆ. ಅವರದು ಒಳ್ಳೆಯ ಮನಸ್ಸು. ಆದರೆ ನಡು ಮಧ್ಯಾಹ್ನದ ಬಿಸಿಲು. ಒಳಗೆ ಹುಣಸೆ ಬೀಜದಂಥ ಸುರುಳಿ. ಮೇಲಿನ ಕಾಗದ ಸಡಿಲವಾಗಿ ಬಿಚ್ಚಿಕೊಂಡಿತು, ಅದರ ಕೆಳಗಿನಿಂದ ಫಿಲ್ಮಿನ ಅಂಚು ಇಣುಕಿತು.

ನಾನು ಕೂಗಿಕೊಂಡೆ. ಕನ್ನಡದಲ್ಲೇ. ಭಾಷೆ ಬೇಕಾಗಲಿಲ್ಲ, ಅವರಿಗೆ ಅರ್ಥವಾಯಿತು. ತಟ್ಟನೆ ಮುಚ್ಚಿದರು. ಮೂರೋ ನಾಲ್ಕೋ ಸೆಕೆಂಡ್ ಆಗಿರಬಹುದು. ಫಿಲ್ಮಿಗೆ ಅಷ್ಟೇ ಜಾಸ್ತಿ.

ಮನೆಗೆ ತಂದು, ಆ ರಾತ್ರಿಯೇ ಸ್ನಾನದ ಮನೆಯ ಬಾಗಿಲ ಸಂದಿಗೆಲ್ಲ ಟವೆಲ್ ತುರುಕಿ, ಪೂರ್ತಿ ಕತ್ತಲಲ್ಲಿ ಬಿಚ್ಚಿದೆ. ಫಿಲ್ಮ್ ಒಂದು ಗೇಣಿನಷ್ಟು ಉದ್ದ, ಬೆರಳಿನಷ್ಟು ಅಗಲ. ಒಣಗಿದ ಎಲೆ ಥರ ಸುರುಟಿಕೊಂಡಿತ್ತು. ಎಳೆದರೆ ಮುರಿಯುತ್ತದೆ. ಮೊದಲು ನೀರಲ್ಲಿ ನೆನೆಸಿದೆ. ಡೆವಲಪರ್‌ಗೆ ಚಿಟಿಕೆಯಷ್ಟು ಪೊಟ್ಯಾಸಿಯಂ ಬ್ರೋಮೈಡ್ ಸೇರಿಸಿದೆ, ಹಳೇ ಫಿಲ್ಮ್ ಮಂಕಾಗುವುದನ್ನು ಅದು ಸ್ವಲ್ಪ ತಡೆಯುತ್ತದೆ. ಇಷ್ಟು ಕಿರಿದಾದ ಫಿಲ್ಮಿಗೆ ತಕ್ಕ ರೀಲ್, ಫಿಲ್ಮ್ ತೊಳೆಯುವ ನನ್ನ ಟ್ಯಾಂಕಿನಲ್ಲಿ ಇರಲಿಲ್ಲ. ಎರಡು ತುದಿ ಹಿಡಿದು ಬಟ್ಟಲಲ್ಲಿ ಮೇಲೆ ಕೆಳಗೆ ಆಡಿಸುತ್ತ ಬಾಯಲ್ಲೇ ಎಣಿಸಿದೆ.

ಮೂಡಿದ ಚಿತ್ರವನ್ನು ನಿಲ್ಲಿಸುವ ಫಿಕ್ಸರ್ ದ್ರಾವಣದಲ್ಲಿ ಅದ್ದಿದ ಮೇಲೆ ದೀಪ ಹಾಕಿದೆ. ಹತ್ತು ಚಿತ್ರಗಳ ಜಾಗದಲ್ಲಿ ಹೊರಸುತ್ತಿನ ಏಳು ಪೂರ್ತಿ ಕಪ್ಪು. ಬೆಳಕು ಬಿದ್ದ ಫಿಲ್ಮ್ ತೊಳೆದಾಗ ಕಪ್ಪಾಗುತ್ತದೆ. ಎಂಟನೆಯದರಲ್ಲಿ ಏನೋ ನೆರಳು. ಉಳಿದ ಎರಡು ನಿಂತಿದ್ದವು. ಒಂದರಲ್ಲಿ ಮನೆಯ ಜಾರುವ ಬಾಗಿಲಿನ ಮುಂದೆ ಒಂದು ಮಗು, ಕೈಯಲ್ಲಿ ತನಗಿಂತ ಉದ್ದದ ಛತ್ರಿ. ಇನ್ನೊಂದರಲ್ಲಿ ಅದೇ ಬಾಗಿಲು, ಅದೇ ಮಗು, ಪಕ್ಕದಲ್ಲಿ ಏಪ್ರನ್ ಕಟ್ಟಿದ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕೂತಿದ್ದಾಳೆ. ಅವಳ ಮುಖ ಮಸುಕು. ನಗುತ್ತಿದ್ದಾಳೆ ಅಂತ ಮಾತ್ರ ಗೊತ್ತಾಗುತ್ತದೆ.

ಅವೆರಡೇ ಯಾಕೆ ಉಳಿದವು ಅಂದರೆ, ಮೊದಲು ತೆಗೆದ ಚಿತ್ರಗಳು ಸುರುಳಿಯ ಒಳಸುತ್ತಿಗೆ ಹೋಗುತ್ತವೆ. ಮೇಲೆ ಬಿದ್ದ ಬೆಳಕು ಅಲ್ಲಿಯವರೆಗೆ ಇಳಿಯಲಿಲ್ಲ. ಮೇಲಿನ ಏಳರಲ್ಲಿ ಏನಿತ್ತೋ, ಅದು ಆ ಮೂರ್ನಾಲ್ಕು ಸೆಕೆಂಡಿಗೇ ಹೋಯಿತು. ಎಷ್ಟೋ ವರ್ಷ ಕತ್ತಲಲ್ಲಿ ಹಾಗೇ ಕಾದು ಕೂತಿದ್ದ ಚಿತ್ರಗಳು. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಪತ್ರ.

ನಿಮ್ಮ ಪುಟದಲ್ಲಿ ಇನ್ನೆರಡು ಮಾತುಗಳನ್ನು ತಿದ್ದಬೇಕು.

ಇವುಗಳನ್ನು ಗೂಢಚಾರರ ಕ್ಯಾಮೆರಾ ಅಂತ ಕರೆದಿದ್ದೀರಿ. ಅಲ್ಲ. ಗೂಢಚಾರರ ಹೆಸರಿನ ಜೊತೆ ಅಂಟಿಕೊಂಡದ್ದು ಮಿನಾಕ್ಸ್. ಅದು 1938ರಲ್ಲಿ ಲಾಟ್ವಿಯಾದ ರಿಗಾದಲ್ಲಿ ತಯಾರಾಗಲು ಶುರುವಾಯಿತು, ರೂಪಿಸಿದವರು ವಾಲ್ಟರ್ ಜಾಪ್. ಅದರಲ್ಲಿ 20 ಸೆಂಟಿಮೀಟರ್ ದೂರದ ವಸ್ತುವಿಗೂ ಫೋಕಸ್ ಮಾಡಬಹುದು, ಹಾಗಾಗಿ ಕಾಗದಪತ್ರದ ಚಿತ್ರ ತೆಗೆಯಲು ಬಂತು. ಹಿಟ್ ಕ್ಯಾಮೆರಾದಲ್ಲಿ ಫೋಕಸ್ ಅನ್ನುವುದೇ ಇಲ್ಲ, ಮಸೂರ ಒಂದೇ ಕಡೆ ಗಟ್ಟಿಯಾಗಿ ಕೂತಿದೆ. ಎರಡು ಹೆಜ್ಜೆ ದೂರದ ಕಾಗದ ಅದಕ್ಕೆ ಬರೀ ಮಂಜು. ಅದು ಕಾಣುವುದು ಅಂಗಳದಲ್ಲಿ ನಿಂತ ಮಗುವನ್ನು, ಬೀದಿಯನ್ನು, ಬೆಟ್ಟವನ್ನು. ಇದು ಮನೆಮಂದಿಯ ಕ್ಯಾಮೆರಾ.

ಎರಡನೆಯದು, ಚಿತ್ರಗಳ ಸಾಲಿನಲ್ಲಿ ನೀಲಿ ಮತ್ತು ಕಪ್ಪು ಪ್ಲಾಸ್ಟಿಕ್ಕಿನ ಡಯಾನಾ ಕ್ಯಾಮೆರಾವನ್ನೂ ಜಪಾನಿನದು ಅಂತ ಸೇರಿಸಿದ್ದೀರಿ. ಡಯಾನಾ ಹಾಂಗ್‌ಕಾಂಗಿನದು, 1960ರ ದಶಕದ್ದು. 1982ರ ಹೋಲ್ಗಾ ಕೂಡ ಹಾಂಗ್‌ಕಾಂಗಿನದೇ. ಅವೂ ಅಗ್ಗದವು, ಅವುಗಳಲ್ಲೂ ಚೆಂದದ ಚಿತ್ರ ಬರುತ್ತದೆ, ನಿಜ. ಆದರೆ ಮನೆತನ ಬೇರೆ.

ಜಪಾನಿನ ಈ ಮನೆತನಕ್ಕೆ ತನ್ನದೇ ಕಥೆ ಇದೆ. ನಿಮ್ಮ ಪುಟದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ನಾನು ಸ್ವಲ್ಪ ಹೇಳುತ್ತೇನೆ. ಯುದ್ಧಕ್ಕೆ ಮುಂಚೆ, 1930ರ ದಶಕದಲ್ಲಿ, ಇಲ್ಲಿ 'ಎನ್‌ಕಮೆ' ಅಂತ ಇದ್ದವು. ಯೆನ್ ಅನ್ನುವುದನ್ನು ಇಲ್ಲಿಯವರು ಎನ್ ಅನ್ನುತ್ತಾರೆ. ಸುಮಾರು ಒಂದು ಯೆನ್‌ಗೆ ಸಿಗುತ್ತಿದ್ದ ಕ್ಯಾಮೆರಾ ಅಂತ ಆ ಹೆಸರು. ರಟ್ಟಿನ ಮೈ, ಅಗ್ಗದ ಮಸೂರ. ಅದಕ್ಕೆ ಸುರುಳಿ ಫಿಲ್ಮ್ ಇಲ್ಲ. ಕಾಗದದ ಲಕೋಟೆಯಂಥ ಕವಚದಲ್ಲಿ ಒಂದೇ ಒಂದು ಹಾಳೆ ಫಿಲ್ಮ್. ಒಂದು ಚಿತ್ರ ತೆಗೆದರೆ ಮುಗಿಯಿತು, ಹೊಸ ಕವಚ ಹಾಕಬೇಕು. ಅಂಗಡಿಗೆ ಕೊಡುವ ಕೆಲಸವಿಲ್ಲ, ಮಕ್ಕಳು ಮನೆಯಲ್ಲೇ ತೊಳೆದುಕೊಳ್ಳುತ್ತಿದ್ದರು.

1937ರಲ್ಲಿ ಟೋಕಿಯೊದ ಮಿಸುಜು ಶೋಕಾಯ್ 'ಮಿಜೆಟ್' ಅನ್ನುವ ಪುಟ್ಟ ಲೋಹದ ಕ್ಯಾಮೆರಾ ತಂದಿತು. ಅದರ ಫಿಲ್ಮ್ ಬರೀ 17.5 ಮಿ.ಮೀ. ಅಗಲ, ಅಂದರೆ 35 ಮಿ.ಮೀ. ಫಿಲ್ಮಿನ ಅರ್ಧ. ಚಿತ್ರ 14 ಮಿ.ಮೀ. ಉದ್ದ, 14 ಮಿ.ಮೀ. ಅಗಲ. ನಿಮ್ಮ ಹೆಬ್ಬೆರಳ ಉಗುರು ನೋಡಿಕೊಳ್ಳಿ, ಅಷ್ಟೇ. ಒಂದು ಸುರುಳಿಗೆ ಹತ್ತು ಚಿತ್ರ. ಆ ಅಳತೆ ಜನಕ್ಕೆ ಹಿಡಿಸಿತು. ಯುದ್ಧ ಮುಗಿದ ಮೇಲೆ ಟೊಗೊಡೊ ಕಂಪನಿ ಅದೇ ಫಿಲ್ಮಿಗೆ ಇನ್ನೂ ಸರಳವಾದ 'ಹಿಟ್' ಮಾಡಿತು. ಆಮೇಲೆ ಅದನ್ನು ನೋಡಿ ಮಾಡಿದವು ಎಷ್ಟೋ. ಕ್ರಿಸ್ಟಾರ್, ಕೊಲಿ, ಆರೋ, ಹೋಮರ್ ಅಂತ ಹೆಸರು ಮಾತ್ರ ಬೇರೆ ಬೇರೆ, ಮೈ ಒಂದೇ ಥರ. ಜಪಾನಿಯಲ್ಲಿ ಇಂಥವನ್ನು 'ಮಮೆ ಕಮೆರಾ' ಅನ್ನುತ್ತಾರೆ. ಮಮೆ ಅಂದರೆ ಕಾಳು. ಕಾಳು ಕ್ಯಾಮೆರಾ! ಈ ಹೆಸರು ಕೇಳಿದ ದಿನದಿಂದ ನನ್ನ ಬಾಯಲ್ಲಿ ಆಟಿಕೆ ಅನ್ನುವ ಮಾತೇ ಬರುವುದಿಲ್ಲ.

ಕೆಲವುಗಳ ಮೈಮೇಲೆ ಇಂಗ್ಲಿಷಿನಲ್ಲಿ 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಅಂತ ಒತ್ತಿರುತ್ತದೆ. ಪರರ ಆಡಳಿತದಲ್ಲಿರುವ ಜಪಾನಿನಲ್ಲಿ ತಯಾರಾದದ್ದು ಅಂತ ಅರ್ಥ. 1945ರಲ್ಲಿ ಸೋತ ಮೇಲೆ 1952ರ ಏಪ್ರಿಲ್ 28ರವರೆಗೆ ಈ ದೇಶ ಮಿತ್ರ ಪಡೆಗಳ ಕೈಯಲ್ಲಿತ್ತು. ಆ ಹೊತ್ತಿನಲ್ಲಿ ಹೊರದೇಶಕ್ಕೆ ಕಳಿಸಿದ ಪಿಂಗಾಣಿ, ಗೊಂಬೆ, ಕ್ಯಾಮೆರಾಗಳ ಮೇಲೆ ಆ ಸಾಲು ಬಂತು. ನನ್ನ ಹಿಟ್‌ನ ಮೇಲೂ ಇದೆ, ಓದಲು ಭೂತಗನ್ನಡಿ ಬೇಕು. ಊರು ಊರೇ ಸುಟ್ಟುಹೋಗಿದ್ದ ಕಾಲದಲ್ಲಿ ಯಾರೋ ಕೂತು ಇಷ್ಟು ಚಿಕ್ಕ ಸ್ಪ್ರಿಂಗ್ ಕೂರಿಸಿ, ಇಷ್ಟು ಚಿಕ್ಕ ಚರ್ಮದ ಚೀಲ ಹೊಲಿದಿದ್ದಾರೆ. ಚೀಲದ ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ. ಇದನ್ನು ಕೀ ಗೊಂಚಲಿಗೆ ಹಾಕಿ ಅಂದರೆ ನನಗೆ ಬೇಜಾರಾಗುತ್ತದೆ, ಅಲ್ವಾ?

ಈಗ ಬೇಕಾದ ವಿಷಯಕ್ಕೆ ಬರುತ್ತೇನೆ. ಇಂಥ ಕ್ಯಾಮೆರಾ ಯಾರ ಕೈಗೆ ಸಿಕ್ಕರೂ ಮೊದಲು ಹಿಂಬದಿಯ ಕೆಂಪು ಗಾಜಿನ ಕಿಂಡಿ ನೋಡಬೇಕು. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಿರುತ್ತದೆ. ಅದರಲ್ಲಿ ಅಂಕಿಯೋ ಕಾಗದವೋ ಕಂಡರೆ ಒಳಗೆ ಸುರುಳಿ ಇದೆ. ಕಾಣದಿದ್ದರೆ ತಿರುಪನ್ನು ನಿಧಾನವಾಗಿ ತಿರುಗಿಸಿ. ಸುಮ್ನೆ ಗಿರಗಿರ ಅಂತ ಸುತ್ತಿದರೆ ಸಾಮಾನ್ಯವಾಗಿ ಖಾಲಿ. ಎಳೆತ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಬಲ ಹಾಕಬೇಡಿ. ಒಣಗಿದ ಫಿಲ್ಮ್ ಒಳಗೇ ಮುರಿದುಹೋಗುತ್ತದೆ. ಪೂರ್ತಿ ಕತ್ತಲ ಕೋಣೆಯಲ್ಲಿ, ಇಲ್ಲವೇ ಫೋಟೊಗ್ರಾಫರ್‌ಗಳು ಬಳಸುವ ಕೈತೂರಿಸುವ ಕಪ್ಪು ಚೀಲದಲ್ಲಿ, ಬಾಗಿಲು ತೆರೆದು ಸುರುಳಿಯನ್ನು ಕಪ್ಪು ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿಡಿ. ಕೆಂಪು ದೀಪವೂ ಬೇಡ, ಯಾವ ಬಗೆಯ ಫಿಲ್ಮೋ ಹೊರಗಿನಿಂದ ಹೇಳಲಾಗದು. ತೊಳೆಯುವುದನ್ನು ಕಪ್ಪು ಬಿಳುಪು ಬಲ್ಲವರ ಕೈಗೆ ಕೊಡಿ.

ಇನ್ನೊಂದು ಮಾತು. ಒಳಗೆ ಫಿಲ್ಮ್ ಇಲ್ಲದೆ, ಫಿಲ್ಮ್ ಸುತ್ತುವ ಖಾಲಿ ಸ್ಪೂಲ್ ಮಾತ್ರ ಇದ್ದರೂ ಬಿಸಾಕಬೇಡಿ. ಆ ಫಿಲ್ಮ್ ಅಂಗಡಿಗೆ ಬರುವುದು ನಿಂತು ಎಷ್ಟೋ ಕಾಲವಾಯಿತು. ಆ ಕಡ್ಡಿಯಂಥ ಸ್ಪೂಲ್ ಇಲ್ಲದಿದ್ದರೆ ಕ್ಯಾಮೆರಾಗೆ ಮತ್ತೆ ಫಿಲ್ಮ್ ಹಾಕುವುದು ಕಷ್ಟ. ಬರೀ ಸ್ಪೂಲಿಗಾಗಿ ನಾನು ಇನ್ನೊಂದು ಮುರಿದ ಕ್ಯಾಮೆರಾ ಕೊಂಡಿದ್ದೇನೆ.

ಫೋಟೊ ತೆಗೆಯಲು ಇವು ಬರುತ್ತವೆ. ನಾನು ತೆಗೆಯುತ್ತಿದ್ದೇನೆ. ಅತಿ ಸುಲಭದ ದಾರಿ ಹಳೇ ಎನ್‌ಕಮೆ ದಾರಿಯೇ, ಒಂದು ಸಲಕ್ಕೆ ಒಂದು ಚಿತ್ರ. ಕೆಂಪು ದೀಪದಡಿ ಫೋಟೊ ಪ್ರಿಂಟ್ ಹಾಕುವ ಕಪ್ಪು ಬಿಳುಪು ಕಾಗದವನ್ನು ಬೆರಳಗಲಕ್ಕೆ ಕತ್ತರಿಸಿ, ಹೊಳೆಯುವ ಮುಖ ಮಸೂರದ ಕಡೆಗೆ ಮಾಡಿ ಒಳಗಿಟ್ಟು ಮುಚ್ಚಿ. ಕೆಂಪು ಕಿಂಡಿಗೆ ಕಪ್ಪು ಟೇಪ್ ಅಂಟಿಸಿ. ಮಸೂರದ ಹತ್ತಿರ 'ಐ' ಮತ್ತು 'ಬಿ' ಅಂತ ಎರಡು ಗುರುತು ಇರುತ್ತವೆ. ಐ ಅಂದರೆ ಚಕ್ಕನೆ ತೆರೆದು ಮುಚ್ಚುವುದು, ಬಿ ಅಂದರೆ ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವುದು. ಕಾಗದ ಬಹಳ ನಿಧಾನ, ಅದಕ್ಕೆ ಬಿ ಬೇಕು. ಕ್ಯಾಮೆರಾವನ್ನು ಗೋಡೆಯ ಮೇಲೆ ಅಲುಗದಂತೆ ಇಟ್ಟು, ಮೋಡದ ದಿನವಾದರೆ ಸೆಕೆಂಡಿಗೆ ಸ್ವಲ್ಪ ಕಡಿಮೆ ಒತ್ತಿ ಬಿಡಿ. ತೊಳೆದರೆ ಕಪ್ಪು ಬಿಳುಪು ತಿರುಗುಮುರುಗಾದ ಚಿತ್ರ ಬರುತ್ತದೆ. ಫೋನಿನಲ್ಲಿ ಅದರ ಚಿತ್ರ ತೆಗೆದು ಬಣ್ಣ ತಿರುಗಿಸಿದರೆ ಆಯಿತು. ತೋಜಿಯ ಗೋಪುರ ಸುಮಾರು 55 ಮೀಟರ್ ಎತ್ತರ. ಅದು ಇಡಿಯಾಗಿ ನನ್ನ ಉಗುರಿನಷ್ಟು ಕಾಗದದಲ್ಲಿ ಕೂತುಕೊಂಡದ್ದು ನೋಡಿ ಮೊಮ್ಮಗಳು "ಅಜ್ಜೀ, ಐದೂ ಅಂತಸ್ತು ಎಣಿಸಬಹುದು!" ಅಂತ ಕುಣಿದಳು. ನಿಜವಾಗಲೂ ಎಣಿಸಬಹುದಿತ್ತು. ಮಧ್ಯ ಸ್ಪಷ್ಟ, ಅಂಚುಗಳು ಹೊಗೆಯಂತೆ ಕರಗಿದ್ದವು.

ಹತ್ತು ಚಿತ್ರವೂ ಬೇಕೆಂದರೆ ಫಿಲ್ಮ್ ಸೀಳಬೇಕು. 35 ಮಿ.ಮೀ. ಫಿಲ್ಮನ್ನು ಉದ್ದಕ್ಕೆ ಅರ್ಧ ಮಾಡಿದರೆ ಅಗಲ ಸರಿಹೋಗುತ್ತದೆ, ಆದರೆ ಅಂಚಿನ ತೂತುಗಳು ಚಿತ್ರದೊಳಗೆ ಬರುತ್ತವೆ. ಅದಕ್ಕಿಂತ, ಕಾಗದದ ಜೊತೆ ಸುತ್ತಿ ಬರುವ '120' ಅನ್ನುವ ಅಗಲ ಫಿಲ್ಮ್ ಮೇಲು. ಅದರ ಅಗಲ 61 ಮಿ.ಮೀ. ಚಿಲ್ಲರೆ, ಮೂರು ಪಟ್ಟಿ ಸಿಗುತ್ತವೆ. ಮಗ ಮರದ ತುಂಡಿಗೆ 17.5 ಮಿ.ಮೀ. ಅಂತರದಲ್ಲಿ ಎರಡು ಬ್ಲೇಡು ಕೂರಿಸಿ ಕೊಟ್ಟಿದ್ದಾನೆ. ಕತ್ತಲಲ್ಲಿ ಫಿಲ್ಮನ್ನು ಅದರಡಿ ಎಳೆಯುತ್ತೇನೆ. ಹಿಂಬದಿಯ ಕಾಗದವನ್ನೂ ಅದೇ ಅಳತೆಗೆ ಸೀಳಿ, ಬಿಳಿ ಪೆನ್ಸಿಲಿನಲ್ಲಿ ನಾನೇ ಅಂಕಿ ಬರೆಯುತ್ತೇನೆ. ಈಗಿನ ಫಿಲ್ಮ್ ಕೆಂಪು ಬೆಳಕಿಗೂ ಹಾಳಾಗುತ್ತದೆ, ಹಾಗಾಗಿ ಕಿಂಡಿಯ ಟೇಪನ್ನು ನೆರಳಲ್ಲಿ ಒಂದು ಕ್ಷಣ ಮಾತ್ರ ಎತ್ತಿ ಅಂಕಿ ನೋಡಬೇಕು.

ಇಷ್ಟೆಲ್ಲ ಯಾರು ಮಾಡುತ್ತಾರೆ ಅನ್ನುವವರಿಗೆ 'ಫ್ಯೂಜಿಪೆಟ್' ಇದೆ. 1957ರಲ್ಲಿ ಫ್ಯೂಜಿ ಕಂಪನಿ ಮಕ್ಕಳಿಗೂ ಹೊಸಬರಿಗೂ ಅಂತಲೇ ಮಾಡಿದ್ದು. ಇದು ಕಾಳಿನಷ್ಟು ಪುಟ್ಟದಲ್ಲ, ಎರಡು ಕೈಯಲ್ಲಿ ಹಿಡಿಯುವಷ್ಟಿದೆ. ಅಂಗಡಿಯಲ್ಲಿ ಈಗಲೂ ಸಿಗುವ 120 ಫಿಲ್ಮ್ ನೇರವಾಗಿ ಹಾಕಬಹುದು, 12 ಚೌಕ ಚಿತ್ರ ಬರುತ್ತವೆ. ಮಸೂರದ ಪಕ್ಕದಲ್ಲಿ ಎರಡು ಸನ್ನೆ, ಮೇಲೆ 1 ಮತ್ತು 2 ಅಂತ ಬರೆದಿದೆ. ಒಂದನ್ನು ಒತ್ತಿದರೆ ಸ್ಪ್ರಿಂಗ್ ಬಿಗಿಯಾಗುತ್ತದೆ, ಎರಡನ್ನು ಒತ್ತಿದರೆ ಚಿತ್ರ. ಅಂಕಿ ಓದಲು ಬರುವ ಮಗುವಿಗೆ ಅಷ್ಟು ಸಾಕು. ನನ್ನ ಮೊಮ್ಮಗಳು ಜೋರಾಗಿ "ಒಂದು... ಎರಡು" ಅಂತ ಕನ್ನಡದಲ್ಲೇ ಹೇಳಿ ಒತ್ತುತ್ತಾಳೆ. ಹನ್ನೆರಡೇ ಇರುವುದರಿಂದ ಪ್ರತಿ ಸಲ ನಿಂತು, ಯೋಚಿಸಿ, ಆಮೇಲೆ ಒತ್ತುತ್ತಾಳೆ. ಅಪ್ಪನ ಫೋನ್ ಕೈಯಲ್ಲಿದ್ದಾಗ ಅವಳು ಹಾಗೆ ನಿಂತದ್ದು ನಾನು ನೋಡಿಲ್ಲ.

ನಿಮ್ಮ ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ದೊಡ್ಡದು ಬೇಡ. ಹಳೇ ಕ್ಯಾಮೆರಾ ಸಿಕ್ಕರೆ ಬೆಳಕಿನಲ್ಲಿ ತೆರೆಯಬೇಡಿ, ಒಳಗಿನ ಕಾಗದ ಕೀಳಬೇಡಿ, ಸ್ಪೂಲ್ ಇಟ್ಟುಕೊಳ್ಳಿ ಅಂತ ಇಷ್ಟು ಬಂದರೂ ಸಾಕು. ಆ ಪುಟ ಓದಿ ಯಾರಾದರೂ ಕೈ ಹಾಕುವುದರೊಳಗೆ ಬಂದರೆ ಒಳ್ಳೆಯದು.

ಆ ಎರಡು ಚಿತ್ರಗಳನ್ನು ದೊಡ್ಡದು ಮಾಡಿ ಪ್ರಿಂಟ್ ಹಾಕಿ ಮುಂದಿನ 21ಕ್ಕೆ ವ್ಯಾಪಾರಿಯ ಹತ್ತಿರ ಒಯ್ದಿದ್ದೆ. ಖಾಲಿ ಮಾಡಿದ ಒಂದು ಮನೆಯ ಸಾಮಾನಿನ ಜೊತೆ ಆ ಡಬ್ಬಿ ಬಂದಿತ್ತಂತೆ, ಯಾರ ಮನೆ ಅಂತ ಅವರಿಗೂ ತಿಳಿಯದು. ಛತ್ರಿ ಹಿಡಿದ ಮಗುವಿನ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ತಲೆಬಾಗಿ ಏನೋ ಹೇಳಿದರು. ಮೊಮ್ಮಗಳನ್ನು ಕೇಳಿದೆ. "ಮೇಜಿನ ಮುಂದೆ ಅಂಟಿಸ್ತಾರಂತೆ ಅಜ್ಜಿ, ಯಾರಾದರೂ ಗುರುತು ಹಿಡೀಬಹುದು ಅಂತ" ಅಂದಳು. ಈ ತಿಂಗಳೂ ಹೋಗುತ್ತಿದ್ದೇವೆ. ಕಪ್ಪು ಚೀಲ ಜೊತೆಗೇ ಇರುತ್ತದೆ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ಕ್ಯೋಟೋ, ಜಪಾನ್